ಹಾಜರಿ ಫೈಲಿನ ಮೇಲೊಂದು ಶ್ರೀ

೧೪ ಆಗಸ್ಟ್ ೧೯೯೯, ಶನಿವಾರ

ಕಲಿತದ್ದನ್ನೆಲ್ಲ ದಿನಾ ಬರೆದಿಡಬೇಕು ಅಂತ ಕಂಪ್ಯೂಟರ್ ಕಲಿಸುವ ಅಮರೇಶ್ ಹೇಳಿದ್ದಾರೆ. ಆದ್ದರಿಂದ ಈ ಪುಸ್ತಕ. ಮೊದಲ ಪುಟದಲ್ಲಿ ಹೆಸರಿರಲಿ: ಚಿಕ್ಕಬೈರಪ್ಪ, ಕಾರ್ಖಾನೆ ಗೇಟಿನಲ್ಲಿ ಹಾಜರಿ ಬರೆಯುವ ಟೈಂ ಕೀಪರ್. ಓದಿದ್ದು ಚೊಕ್ಕಸಂದ್ರ ಸರ್ಕಾರಿ ಶಾಲೆ, ಏಳನೇ ಕ್ಲಾಸಿನಲ್ಲಿ ಎರಡನೇ ಸ್ಥಾನ. ಪರೀಕ್ಷೆಗೆ ಕೂತವರು ಇಬ್ಬರೇ. ಅದನ್ನು ಯಾರಿಗೂ ಹೇಳಬೇಕಾಗಿಲ್ಲ.

ಇವತ್ತು ಟೈಂ ಆಫೀಸಿಗೆ ಕಂಪ್ಯೂಟರ್ ಬಂತು. ಎರಡು ಸಾವಿರದ ಇಸವಿ ಬಂದ ತಕ್ಷಣ ಹಳೆ ಮೆಶೀನುಗಳಿಗೆಲ್ಲ ಹುಚ್ಚು ಹಿಡಿಯುತ್ತದಂತೆ, ಅದಕ್ಕೇ ಇದು. ಒಳಗಿರುವ ಸಿಸ್ಟಮ್ಮಿನ ಹೆಸರು ಲಿನಕ್ಸ್. ಪ್ರಪಂಚದ ಯಾರ್ಯಾರೋ ಸೇರಿ ಬರೆದು, ಬೇಕಾದವರು ತಗೊಳ್ಳಿ ಅಂತ ಬಿಟ್ಟಿದ್ದಾರಂತೆ, ಅರವಟ್ಟಿಗೆ ಮಜ್ಜಿಗೆ ಹಾಗೆ. ಪುಕ್ಕಟೆ ಸಿಕ್ಕಿತು ಅಂತ ಮ್ಯಾನೇಜರ್ ವಿನಾಯಕ್ ಮುಖದಲ್ಲಿ ಹಬ್ಬ.

"ಬೈರಪ್ಪ, ಹಾಜರಿ ಪುಸ್ತಕ ಎಲ್ಲಾ ಇದ್ರೊಳಗೆ ಬರ್ಬೇಕು. ಅಕ್ಟೋಬರ್ ಮುಗಿಯೋಷ್ಟ್ರಲ್ಲಿ ಕಲೀದಿದ್ರೆ ಗೇಟಿಗೆ ಮೇಸ್ತ್ರಿ ಕಡೆಯವ್ನನ್ನ ಹಾಕ್ತೀನಿ" ಅಂದರು.

"ಅಕ್ಟೋಬರ್ ಯಾಕ್ ಸಾರ್, ಗಣೇಶನ ಹಬ್ಬಕ್ಕೇ ಕಲ್ತು ನಿಮ್ಗೂ ಹೇಳ್ಕೊಡ್ತೀನಿ" ಅಂದೆ.

ಅಂದುಬಿಟ್ಟೆ. ಹತ್ತೊಂಬತ್ತು ವರ್ಷ ಗೇಟು ಕಾದವನು, ಈ ಗೇಟಿರುವ ಜಾಗದಲ್ಲೇ ನಮ್ಮಪ್ಪ ರಾಗಿ ಕಣ ಮಾಡುತ್ತಿದ್ದದ್ದು. ಇನ್ನೇನು ಹೇಳಲಿ.

೨೧ ಆಗಸ್ಟ್, ಶನಿವಾರ

ಅಮರೇಶ್ ಮ್ಯಾನೇಜರಿಗೆ ಗೆಳೆಯರು, ಲಿಂಗಸುಗೂರು ಕಡೆಯವರು. ಜಾಲಹಳ್ಳಿಯಲ್ಲಿ ಮನೆ. ಶನಿವಾರ ಮಾತ್ರ ಬರುತ್ತಾರೆ, ನನ್ನನ್ನು ಕಾಕಾ ಅನ್ನುತ್ತಾರೆ.

ಕಪ್ಪು ಪರದೆ. ಬಣ್ಣವಿಲ್ಲ, ಚಿತ್ರವಿಲ್ಲ. ಬಿಳಿ ಅಕ್ಷರ ಮಾತ್ರ. ನಾವೇ ಕಮಾಂಡು ಹೊಡೆಯಬೇಕು. ಎಲ್ ಎಸ್ ಅಂದರೆ ಫೈಲುಗಳಿರುವ ಮನೆಯಲ್ಲಿ ಏನೇನಿದೆ ಅಂತ ಪಟ್ಟಿ ಕೊಡುತ್ತದೆ. ಸಿ ಪಿ ಅಂದರೆ ಒಂದರ ಹಾಗೆ ಇನ್ನೊಂದು ಮಾಡುತ್ತದೆ. ಕ್ಯಾಟ್ ಅಂದರೆ ಬರೆದಿರುವುದನ್ನು ತೋರಿಸುತ್ತದೆ. ಒಳಗೆ ಹೋಗಲು ಗುಟ್ಟಿನ ಪದ ಕೇಳುತ್ತದೆ, ಹೊಡೆದರೆ ಪರದೆಯ ಮೇಲೆ ಏನೂ ಮೂಡುವುದಿಲ್ಲ. ಕೀಬೋರ್ಡು ಕೆಟ್ಟಿದೆ ಅಂತ ಮೂರು ಸಲ ಗುದ್ದಿದೆ.

"ಹೊಡೀಬ್ಯಾಡ್ರಿ ಕಾಕಾ, ಅದು ಕದ್ದು ಓದ್ಕೊಳ್ತದ" ಅಂತ ಅಮರೇಶ್ ನಕ್ಕರು.

ಎಲ್ ಎಸ್ ಹೊಡೆದೆ. ಏನೂ ಬರಲಿಲ್ಲ. ಮನೆ ಖಾಲಿ ಇದ್ದರೆ ಏನೂ ಬರುವುದಿಲ್ಲವಂತೆ. ಖಾಲಿ ಅಂತಾದರೂ ಹೇಳಬಾರದೇ?

"ಇದು ಕೆಲಸಾ ಆತಂದ್ರ ಏನೂ ಹೇಳಂಗಿಲ್ರೀ. ತಪ್ಪಾದ್ರ ಅಷ್ಟ ಬೈತದ."

ನಮ್ಮ ಭಾಗ್ಯಮ್ಮನ ತದ್ವಿರುದ್ಧ. ಅವಳು ಕೆಲಸ ಮಾಡಿದರೂ ಬೈಯುತ್ತಾಳೆ, ಬಿಟ್ಟರೂ ಬೈಯುತ್ತಾಳೆ. ಇಪ್ಪತ್ತೇಳು ವರ್ಷ ಸಂಸಾರ ಮಾಡಿದ ನನಗೆ ಸುಮ್ಮನಿರುವ ಜೀವದ ಜೊತೆ ಹೇಗೆ ಏಗಬೇಕೋ ತಿಳಿಯದು.

ಮಧ್ಯಾಹ್ನ ತಾಮ್ರದ ತಂತಿ ಸುತ್ತಿ ಕಾಯಿಲು ಮಾಡುವ ವೈಂಡಿಂಗ್ ಹೆಂಗಸರು ಕಿಟಕಿಗೆ ಮುತ್ತಿಕೊಂಡರು. ಹೂ ಅಂತ ಒಂದು ಕಮಾಂಡಿದೆ, ಇಂಗ್ಲಿಷಲ್ಲಿ ಯಾರು ಅಂತ, ಹೊಡೆದರೆ ಒಳಗಿರುವವರ ಹೆಸರು ತೋರಿಸುತ್ತದೆ. ಹೊಡೆದೆ. ನನ್ನ ಹೆಸರು ಬಂತು. "ನೋಡ್ರಮ್ಮಾ, ಈ ಕಾರ್ಖಾನೇಲಿ ಯಾರಿದಾರೆ ಅಂತ ಕೇಳ್ದೆ. ಬೈರಪ್ಪ ಒಬ್ನೇ ಇರೋದು, ಮಿಕ್ಕಿದ್ದೆಲ್ಲಾ ದಂಡ ಅಂತದೆ" ಅಂದೆ. ಅನುಸೂಯಮ್ಮ ನಂಬಿಬಿಟ್ಟಳು.

"ಅಂಗಾದ್ರೆ ನಾನ್ ಬಂದಿರೋದ್ ಗೊತ್ತಾಗಿಲ್ವಾ ಮಾವ ಅದ್ಕೆ? ಹಾಜರಿ ಹೋಯ್ತದಾ?"

ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಮೂವತ್ತೆಂಟು ಹೆಂಗಸರಿಗೂ ನಾನು ಮಾವ. ಅದರಲ್ಲಿ ಶೋಭಾರಾಣಿ ಒಬ್ಬಳು ಮಾತ್ರ ನಿಜವಾದ ಸೋದರಸೊಸೆ, ತೀರಿಕೊಂಡ ನನ್ನ ಅಕ್ಕ ಮುನಿಯಕ್ಕನ ಮಗಳು.

೨೬ ಆಗಸ್ಟ್, ಗುರುವಾರ

ಬರೆಯುವ ಕಮಾಂಡಿನ ಹೆಸರು ವಿ ಐ. ಒಳಗೆ ಹೋದೆ. ಹೊರಗೆ ಬರುವ ದಾರಿ ಕಾಣಲಿಲ್ಲ. ಒಂದೂವರೆ ಗಂಟೆ. ಏನು ಒತ್ತಿದರೂ ಬೀಪ್ ಅಂತದೆ. ಕಡೆಗೆ ಸ್ವಿಚ್ಚು ಆರಿಸಿದೆ. ಬರೆದಿದ್ದ ಹನ್ನೊಂದು ಹೆಸರೂ ಹೋದವು.

ಐವತ್ತೊಂದನೇ ವಯಸ್ಸಿನಲ್ಲಿ ಒಂದು ಬೆರಳಲ್ಲಿ ಇಂಗ್ಲಿಷ್ ಅಕ್ಷರ ಹುಡುಕುತ್ತ ಕೂತಿದ್ದೇನೆ. ಹೆಂಗಸರನ್ನು ಕೂಲಿಗೆ ಕರೆತರುವ ಮೇಸ್ತ್ರಿ ಕಿಟಕಿ ಹತ್ತಿರ ನಿಂತು ನೋಡಿ, "ಏನ್ ಬೈರಪ್ಪ, ಕೋಳಿ ಕಾಳು ಹೆಕ್ದಂಗೆ ಹೆಕ್ತಾ ಇದೀಯಾ" ಅಂದ. ತಲೆ ಬಗ್ಗಿಸಿ ಮುಂದಿನ ಅಕ್ಷರ ಹುಡುಕಿದೆ. 

೧೧ ಸೆಪ್ಟೆಂಬರ್, ಶನಿವಾರ

ಫೆಬ್ರವರಿಯವರೆಗೆ ಏರಿಸಿದ್ದೇನೆ. ಒಂದೊಂದು ಹೆಸರಿನ ಮುಂದೆ ಒಂದೊಂದು ದಿನದ ಗುರುತು. ಕಣ್ಣು ಉರಿಯುತ್ತದೆ, ಕಣ್ಣು ಮುಚ್ಚಿದರೂ ಬಿಳಿ ಅಕ್ಷರ ಓಡಾಡುತ್ತವೆ.

ಇದನ್ನು ತಪ್ಪಿಲ್ಲದೆ ಏರಿಸಬೇಕಾದ್ದಕ್ಕೆ ಕಾರಣವಿದೆ. ಲೇಬರ್ ಆಫೀಸಿನಲ್ಲಿ ಒಪ್ಪಂದವಾಗಿದೆ. ಹೋದ ನವೆಂಬರಿನಿಂದ ಈ ಅಕ್ಟೋಬರ್ ಮೂವತ್ತರವರೆಗೆ ಇನ್ನೂರ ನಲವತ್ತು ಹಾಜರಿ ತುಂಬಿದ ಹೆಂಗಸರಿಗೆ ಕಾಯಂ ಪತ್ರ. ಮೂವತ್ತನೇ ತಾರೀಕು ಆಫೀಸರ್ ಮೇಡಂ ಖುದ್ದಾಗಿ ಬಂದು ಪಟ್ಟಿ ನೋಡುತ್ತಾರೆ. ಈ ಹೆಂಗಸರು ಬಂದರು ಅನ್ನುವುದಕ್ಕೆ ನನ್ನ ಹಾಜರಿ ಬಿಟ್ಟರೆ ಬೇರೆ ಸಾಕ್ಷಿಯೇ ಇಲ್ಲ. ಮೇಸ್ತ್ರಿ ಶನಿವಾರ ಕೂಲಿ ಕೊಟ್ಟು, ಚೀಟಿಯನ್ನು ಅವರ ಮುಂದೆಯೇ ಹರಿದುಹಾಕುತ್ತಾನೆ. ಮೊದಲಿನಿಂದಲೂ ಅವನ ಪದ್ಧತಿ ಅದು. ಯಾರು ಎಷ್ಟು ದಿನ ದುಡಿದರು ಅನ್ನುವ ಕಾಗದ ಎಲ್ಲೂ ಉಳಿಯಬಾರದು.

ಅಮರೇಶ್ ಇವತ್ತು ಬಾಣದ ಗುರುತು ಹೇಳಿಕೊಟ್ಟರು. ವಿ ಐ ಒಳಗೆ ಹೋಗದೆಯೇ ಹೊರಗಿನಿಂದ ಒಂದು ಮಾತನ್ನು ಫೈಲಿನೊಳಗೆ ಕಳಿಸಬಹುದು. ಎಕೋ ಅಂತ ಹೊಡೆದು, ಮಾತು ಬರೆದು, ಬಾಣ ಹಾಕಿ, ಫೈಲಿನ ಹೆಸರು. ಹೋಗಿ ಕೂತುಕೊಳ್ಳುತ್ತದೆ.

"ಒಂದ್ ಬಾಣ ಹಾಕೋದಕ್ಕೂ ಎರಡ್ ಬಾಣ ಹಾಕೋದಕ್ಕೂ ಫರಕ್ ಐತ್ರಿ ಕಾಕಾ, ಕೇಳ್ರಿಲ್ಲೆ..."

"ಗೊತ್ತಾಯ್ತು ಬಿಡಿ ಸಾರ್. ಒಂದ್ ಬಾಣದಲ್ಲಿ ಹೊಡೆಯೋನಿಗೆ ಎರಡ್ಯಾಕೆ?" ಅಂದೆ. ಹೆಂಗಸರು ಕಿಟಕಿಯಲ್ಲಿದ್ದರು. ಎಲ್ಲರೂ ನಕ್ಕರು, ಅಮರೇಶೂ ನಕ್ಕರು. ಹೋಗುವಾಗ ಒಂದು ಫ್ಲಾಪಿ ಕೊಟ್ಟು, ವಾರಕ್ಕೊಮ್ಮೆ ಹಾಜರಿಯನ್ನು ಇದಕ್ಕೆ ಇಳಿಸಿಕೊಳ್ಳಿ ಅಂದರು.

೨೭ ಸೆಪ್ಟೆಂಬರ್, ಸೋಮವಾರ

ಮುಗಿಯಿತು. ಹನ್ನೊಂದು ತಿಂಗಳು, ಮೂವತ್ತೆಂಟು ಹೆಸರು, ಎಲ್ಲ ಒಳಗೆ. ಎರಡು ಸಲ ತಾಳೆ ನೋಡಿದೆ, ಒಂದೇ ಒಂದು ತಪ್ಪಿಲ್ಲ.

ಊಟದ ಹೊತ್ತಿಗೆ ವೈಂಡಿಂಗ್ ಹಾಲಿನ ಮಧ್ಯೆ ನಿಂತು ಹಳೆ ಹಾಜರಿ ಪುಸ್ತಕ ಎತ್ತಿ ಹಿಡಿದೆ. "ಇದ್ರ ಕಾಲ ಮುಗೀತು ಕಣ್ರಮ್ಮಾ" ಅಂತ ಹಾಳೆ ಹಾಳೆಯಾಗಿ ಕಿತ್ತು ಪ್ಯಾಕಿಂಗ್ ಟೇಬಲ್ಲಿಗೆ ಹಾಕಿದೆ. ಸಂಜೆಯೊಳಗೆ ಕಾಯಿಲುಗಳ ಮಧ್ಯೆ ಮಡಿಚಿಟ್ಟು, ಪೆಟ್ಟಿಗೆ ಮುಚ್ಚಿ, ಲಾರಿಗೆ ಏರಿಸಿದರು.

ಶೋಭಾ ಮಾತ್ರ, "ಯಾಕ್ ಮಾವ, ಒಂದ್ ಮೂಲೇಲಿ ಬಿದ್ದಿದ್ರೆ ಏನ್ ಅನ್ನ ಕೇಳ್ತಿತ್ತಾ?" ಅಂದಳು.

"ನಿಂಗ್ ಗೊತ್ತಾಗಲ್ಲ, ಸುಮ್ನಿರು" ಅಂದೆ.

೧೬ ಅಕ್ಟೋಬರ್, ಶನಿವಾರ

ಶೋಭಾಳದ್ದು ಇವತ್ತಿಗೆ ಇನ್ನೂರ ಇಪ್ಪತ್ತೊಂಬತ್ತು. ಇನ್ನು ಮೂವತ್ತನೇ ತಾರೀಕಿನವರೆಗೆ ಹನ್ನೊಂದು ಕೆಲಸದ ದಿನ. ಒಂದೂ ತಪ್ಪದೆ ಬಂದರೆ ಸರಿಯಾಗಿ ಇನ್ನೂರ ನಲವತ್ತು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಮಗಳ ಉಬ್ಬಸಕ್ಕೆ ತಿಂಗಳಿಗೆ ನಾಲ್ಕೈದು ದಿನ ಕಳೆದುಕೊಂಡಿದ್ದಾಳೆ. ಗಂಡ ಬಿಟ್ಟು ಹೋದ ಮೇಲೆ ತಾಯಿ ಮಗಳು ನಮ್ಮ ಮನೆಯ ಮುಂದಿನ ಕೋಣೆಯಲ್ಲಿದ್ದಾರೆ. ಪತ್ರ ಬಂದರೆ ಇಎಸ್‌ಐ ಕಾರ್ಡು ಬರುತ್ತದೆ, ಮಗುವಿಗೆ ಆಸ್ಪತ್ರೆ, ಔಷಧಿ ಸಿಗುತ್ತದೆ. ಈಗ ಉಬ್ಬಸ ಏರಿದರೆ ಮೆಡಿಕಲ್ ಸ್ಟೋರಿನವನು ಕೊಟ್ಟದ್ದೇ ಗತಿ.

"ಇನ್ನೆಷ್ಟ್ ದಿನ ಮಾವ?" ಅಂತ ದಿನಾ ಗೇಟಲ್ಲಿ ಕೇಳುತ್ತಾಳೆ. ನಾನೂ ದಿನಾ ಕ್ಯಾಟ್ ಹೊಡೆದು ಪರದೆ ತಿರುಗಿಸಿ ತೋರಿಸುತ್ತೇನೆ.

೧೮ ಅಕ್ಟೋಬರ್, ಸೋಮವಾರ, ಆಯುಧಪೂಜೆ

ಇವತ್ತಿನ ವೈಭೋಗ ಬರೆಯಲೇಬೇಕು. ಎಲ್ಲರ ಹಾಜರಿ ಬೆಳಗ್ಗೆಯೇ ಏರಿಸಿ ಮುಗಿಸಿದೆ. ಲೇತಿಗೆ, ಡ್ರಿಲ್ಲಿಗೆ, ವೈಂಡಿಂಗ್ ಮೆಶೀನಿಗೆಲ್ಲ ಬಾಳೆಕಂದು, ಸೇವಂತಿಗೆ ಹಾರ. ನನ್ನ ಕಂಪ್ಯೂಟರಿಗೆ ಎಲ್ಲಕ್ಕಿಂತ ದೊಡ್ಡ ಹಾರ. ವಿಭೂತಿ ಪಟ್ಟೆ, ಕುಂಕುಮ, ನಿಂಬೆಹಣ್ಣು.

ಹತ್ತೊಂಬತ್ತು ವರ್ಷವೂ ಪೂಜೆಯ ದಿನ ಹಾಜರಿ ಪುಸ್ತಕದ ಮೇಲೆ ಅರಿಶಿನದಲ್ಲಿ ಶ್ರೀ ಬರೆದಿದ್ದೇನೆ. ಬರೆಯದೆ ಯಾವ ವರ್ಷವೂ ಬಿಟ್ಟಿಲ್ಲ. ಪುಸ್ತಕವಿಲ್ಲ ಅಂತ ಈ ವರ್ಷ ಬಿಡುವುದೇ? ಹಾಜರಿ ಫೈಲಿಗೂ ಶ್ರೀ ಬೀಳಬೇಕು. ಎಲ್ಲ ಹೆಂಗಸರೂ ಸುತ್ತ ನಿಂತರು. ವಿನಾಯಕ್ ಸಾರ್ ಕೂಡ ಬಂದರು. ವಿ ಐ ಒಳಗೆ ಹೋಗಿ ತಡಕಾಡುತ್ತ ಕೂರಲಿಲ್ಲ. ನಿಂತಲ್ಲೇ ಎಕೋ, ಇಂಗ್ಲಿಷಲ್ಲಿ ಶ್ರೀ, ಒಂದು ಬಾಣ, ಹಾಜರಿ ಫೈಲಿನ ಹೆಸರು. ಎಂಟರ್.

ಮೆಶೀನು ಸುಮ್ಮನಿತ್ತು. ಕೆಲಸ ಆಯಿತು ಅಂತ ಅರ್ಥ.

"ಶ್ರೀ ಹೋಗಿ ಕೂತ್ಕಂತು" ಅಂದೆ. ಚಪ್ಪಾಳೆ ಬಿತ್ತು. ಗೇಟಿನ ಮುಂದೆ ಬೂದಗುಂಬಳ ಒಂದೇ ಏಟಿಗೆ ಒಡೆದೆ. ಕಡಲೆಪುರಿ, ಸಿಹಿ, ಅರ್ಧ ದಿನ ರಜೆ. ನಮ್ಮಪ್ಪ ಇರಬೇಕಾಗಿತ್ತು.

೨೦ ಅಕ್ಟೋಬರ್, ಬುಧವಾರ

ಹಾಜರಿ ಏರಿಸಲು ಫೈಲು ತೆಗೆದೆ. ಶ್ರೀ ಇದೆ. ಬೇರೆ ಏನೂ ಇಲ್ಲ.

೨೧ ಅಕ್ಟೋಬರ್, ಗುರುವಾರ

ನೂರು ಸಲ ಕ್ಯಾಟ್ ಹೊಡೆದಿದ್ದೇನೆ. ನೂರು ಸಲವೂ ಶ್ರೀ.

ಕೆಳಗೆಲ್ಲೋ ಇಳಿದಿರಬಹುದು ಅಂತ ಬಾಣದ ಕೀ ಒತ್ತಿದೆ. ಬೇರೆ ಮನೆಗಳೊಳಗೆಲ್ಲ ಹೋಗಿ ಹುಡುಕಿದೆ. ಸುಮ್ಮನಿದೆ ಮುಂಡೇದು. ಒಂದು ಸಲ ಬೈದರೂ ಸಾಕಾಗಿತ್ತು. ಅಳಿಸಿಹಾಕಲಾ ಅಂತ ಒಂದು ಮಾತು ಕೇಳಬಾರದಾಗಿತ್ತೇ? ಮೇಸ್ತ್ರಿ ಕೂಡ ಚೀಟಿಯನ್ನು ಎದುರಿಗೇ ಹರಿಯುತ್ತಾನೆ. ಇದು ಅದನ್ನೂ ಮಾಡಲಿಲ್ಲ.

ಹಾಜರಿಯನ್ನು ಬಿಳಿ ಹಾಳೆಯ ಮೇಲೆ ಬರೆಯುತ್ತಿದ್ದೇನೆ. "ಯಾಕ್ ಮಾವ, ಕಂಪ್ಯೂಟರ್‌ಗೆ ಹುಷಾರಿಲ್ವಾ?" ಅಂತ ಅನುಸೂಯಮ್ಮ ಕೇಳಿದಳು. ಹಬ್ಬದ ಸುಸ್ತು ಅಂದೆ. ಅವಳು ನಕ್ಕಳು. ಶೋಭಾ, "ಇನ್ನೆಷ್ಟ್ ದಿನ?" ಅಂದಳು. ಎಂಟು ಅಂದೆ. ಪರದೆ ತಿರುಗಿಸಲಿಲ್ಲ.

೨೩ ಅಕ್ಟೋಬರ್, ಶನಿವಾರ

ಅಮರೇಶ್ ಬಂದರು. ಬಾಗಿಲು ಹಾಕಿ ಹೇಳಿದೆ. ಅರ್ಧ ಗಂಟೆ ಏನೇನೋ ಹೊಡೆದು ನೋಡಿದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಒಂದ್ ಬಾಣ ಹಾಕಿದ್ರ ಮೊದಲು ಕೊಡಾ ಬರಿದು ಮಾಡಿ ಆಮ್ಯಾಲ ಹೊಸಾ ನೀರು ಹಾಕ್ತದ್ರೀ ಕಾಕಾ. ಎರಡ್ ಬಾಣ ಹಾಕಿದ್ರ ಇದ್ದದ್ದರ ಮ್ಯಾಲೇ ಹಾಕ್ತದ. ಅದನ್ನ ಹೇಳಾಕ ಬಂದಿದ್ದೆ ಅವತ್ತ."

"ಕೊಡದಿಂದ ಚೆಲ್ಲಿದ ನೀರು ಎಲ್ಲಿಗೆ ಹೋಯ್ತು ಸಾರ್? ಎಲ್ಲೋ ಒಂದ್ ಕಡೆ ಇರ್ಬೇಕಲ್ಲ?"

"ಇಲ್ರಿ. ಫ್ಲಾಪಿ ಎಲ್ಲಿ? ವಾರವಾರ ಇಳಿಸ್ಕೊಂಡೀರಿಲ್ಲೋ?"

ಫ್ಲಾಪಿ ಮೇಜಿನ ಮೇಲೇ ಇತ್ತು. ಚಹಾ ಲೋಟ ಇಡುವುದಕ್ಕೆ ಅನುಕೂಲವಾಗಿತ್ತು. ಅದರ ಮೇಲಿನ ಸುತ್ತು ಸುತ್ತು ಕಲೆಗಳನ್ನು ಅವರು ನೋಡಿದರು. ನಾನೂ ನೋಡಿದೆ. ಅವರು ಕನ್ನಡಕ ಮತ್ತೆ ಹಾಕಿಕೊಂಡರು. ಹೊರಡುವಾಗ, "ತಪ್ಪು ನಂದೂ ಐತ್ರಿ. ನೀವು ಬ್ಯಾಡ ಅಂದ್ರೂ ಹೇಳಬೇಕಿತ್ತು" ಅಂದರು.

ಆ ಮಾತಿಗಿಂತ ಕೆನ್ನೆಗೆ ಒಂದು ಬಿಟ್ಟಿದ್ದರೆ ಚೆನ್ನಾಗಿತ್ತು.

೨೫ ಅಕ್ಟೋಬರ್, ಸೋಮವಾರ

ಶೋಭಾಗೆ ಹೇಳಿದೆ.

ಮಗುವಿಗೆ ಹಬೆ ಹಿಡಿಯುತ್ತಿದ್ದಳು. ಟವಲಿನೊಳಗೆ ತಾಯಿ ಮಗಳು ಇಬ್ಬರೂ ತಲೆ ಇಟ್ಟುಕೊಂಡಿದ್ದರು. ಹೇಳುವುದಕ್ಕೆ ಅದೇ ಸುಲಭ ಅನ್ನಿಸಿತು, ಮುಖ ಕಾಣುವುದಿಲ್ಲ. ಎಲ್ಲ ಹೇಳಿದೆ. ಶ್ರೀ, ಬಾಣ, ಲಾರಿ ಹತ್ತಿದ ಪುಸ್ತಕ. ಟವಲಿನೊಳಗಿಂದಲೇ ಕೇಳಿದಳು.

"ಎಲ್ಲಾರ್ದೂ ಹೋಯ್ತಾ?"

"ಎಲ್ಲಾರ್ದೂ."

"ಬುಧವಾರ್ದಿಂದ ಗೊತ್ತಿತ್ತಾ?"

"ಹೂಂ."

ಟವಲು ತೆಗೆದಳು. ಮುಖ ಬೆವೆತಿತ್ತು. "ಬುಧವಾರ, ಗುರುವಾರ, ಶುಕ್ರವಾರ, ಶನಿವಾರ. ದಿನಾ ಕೇಳ್ತಿದ್ನಲ್ಲಾ ಮಾವ. ದಿನಾ ಒಂದೊಂದ್ ನಂಬರ್ ಹೇಳ್ತಿದ್ದಲ್ಲಾ."

ಭಾಗ್ಯಮ್ಮ ಅಡುಗೆ ಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಬೈಯಲಿಲ್ಲ. ನನ್ನ ತಟ್ಟೆಗೆ ಮುದ್ದೆ ಹಾಕಿ ಒಳಗೆ ಹೋದಳು.

೨೬ ಅಕ್ಟೋಬರ್, ಮಂಗಳವಾರ

ಶೋಭಾ ಕೆಲಸಕ್ಕೆ ಬರಲಿಲ್ಲ. "ಯಾವ ಲೆಕ್ಕಕ್ಕೆ ಬರ್ಲಿ?" ಅಂದಳಂತೆ ಭಾಗ್ಯಮ್ಮನ ಹತ್ತಿರ.

೨೭ ಅಕ್ಟೋಬರ್, ಬುಧವಾರ

ಇವತ್ತೂ ಬರಲಿಲ್ಲ.

ಗೇಟಿನಲ್ಲಿ ಮೂವತ್ತೇಳು ಜನ ಒಳಗೆ ಹೋದರು, ಒಬ್ಬೊಬ್ಬರೂ ಮಾವ ಅಂತ ಕರೆದು ಹೋದರು. ಈ ಹೆಂಗಸರಿಗೆ ಇನ್ನೂ ಗೊತ್ತಿಲ್ಲ. ಕಿಟಕಿ ಮುಚ್ಚಿ ಕೂತೆ. ರಾಜೀನಾಮೆ ಕೊಟ್ಟು ಆನೇಕಲ್ ಕಡೆ ಭಾಮೈದನ ಊರಿಗೆ ಹೋಗಿಬಿಡೋಣ ಅನ್ನಿಸಿತು. ಬಾವಿ ನೆನಪಾಯಿತು. ಅಲ್ಲಿರುವ ಬಾವಿಗಳಲ್ಲೂ ಈಗ ನೀರಿಲ್ಲ. ಇದು ತಮಾಷೆಗೆ ಬರೆದದ್ದಲ್ಲ.

೨೮ ಅಕ್ಟೋಬರ್, ಗುರುವಾರ

ಶೋಭಾ ಬೆಳಗ್ಗೆ ಡಬ್ಬಿ ಕಟ್ಟಿಕೊಂಡು ನನ್ನ ಮುಂದೆಯೇ ನಡೆದು ಗೇಟಿಗೆ ಬಂದಳು. ಎಂಟಕ್ಕೆ ಐದು ನಿಮಿಷ. ನನ್ನ ಕಡೆ ನೋಡಲಿಲ್ಲ. "ಮಿಕ್ಕೋರ್ಗೆ ಯಾವಾಗ್ ಹೇಳ್ತೀಯಾ?" ಅಂತ ಮಾತ್ರ ಕೇಳಿದಳು.

ಮೊದಲು ವಿನಾಯಕ್ ಸಾರ್ ಹತ್ತಿರ ಹೋದೆ. ಕೈಕಟ್ಟಿ ನಿಂತು ಎಲ್ಲ ಒಪ್ಪಿಕೊಂಡೆ. ಕೂಗಾಡುತ್ತಾರೆ ಅಂದುಕೊಂಡಿದ್ದೆ. ಕೂರಿಸಿದರು. ಹತ್ತೊಂಬತ್ತು ವರ್ಷದಲ್ಲಿ ಆ ರೂಮಿನಲ್ಲಿ ಕುರ್ಚಿ ಸಿಕ್ಕಿದ್ದು ಇವತ್ತೇ. ಚಹಾ ತರಿಸಿದರು, ಬಿಸ್ಕೆಟ್ ಸಮೇತ.

"ಹೋಗ್ಲಿ ಬಿಡಿ ಬೈರಪ್ಪ, ಮನುಷ್ಯ ಅಂದ್ಮೇಲೆ ತಪ್ಪಾಗುತ್ತೆ. ಶನಿವಾರ ಮೇಡಂ ಬಂದಾಗ ಮೆಶೀನ್ ಕೆಟ್ಟೋಯ್ತು ಅನ್ನಿ ಸಾಕು. ನವೆಂಬರಿಂದ ಹೊಸ್ದಾಗಿ ಲೆಕ್ಕ ಶುರು ಮಾಡೋಣ. ನಿಮ್ಮನ್ನ ಒಳಗಡೆ ಆಫೀಸಿಗೆ ಹಾಕ್ಕೊಳ್ತೀನಿ. ಫ್ಯಾನ್ ಕೆಳಗೆ ಕೂತ್ಕೊಳ್ಳಿ."

ಸರಿ ಸಾರ್ ಅಂದೆ. ಮೆಟ್ಟಿಲು ಇಳಿಯುವಾಗ ಬಿಸ್ಕೆಟ್ ಕೈಯಲ್ಲೇ ಇತ್ತು. ಅದೇ ಕೈಯಲ್ಲಿ ವೈಂಡಿಂಗ್ ಹಾಲಿಗೆ ಹೋದೆ.

ಅವತ್ತು ಪುಸ್ತಕ ಹರಿದ ಜಾಗದಲ್ಲೇ ನಿಂತು ಹೇಳಿದೆ. ಮೆಶೀನುಗಳು ಒಂದೊಂದಾಗಿ ನಿಂತವು. ಯಾರೋ ಅತ್ತರು. ಅನುಸೂಯಮ್ಮ ಬಂದು ನನ್ನ ಎದೆಗೆ ಎರಡು ಕೈಯಲ್ಲೂ ನೂಕಿದಳು.

"ನೀನ್ ಹೇಳಿದ್ದೆಲ್ಲಾ ನಂಬ್ದೆ ಕಣೋ ಮಾವ, ನಿನ್ ಶ್ರೀಗೆ ಚಪ್ಪಾಳೆ ತಟ್ಟಿದ್ನಲ್ಲೋ!"

ಗೋಡೆಗೆ ಬೆನ್ನು ತಾಗಿತು. ಅಲ್ಲೇ ನಿಂತಿದ್ದೆ.

೨೯ ಅಕ್ಟೋಬರ್, ಶುಕ್ರವಾರ

ಇದು ಶೋಭಾ ಹೇಳಿದ ದಾರಿ. ಬಂದ ದಿನ ಯಾರಿಗೂ ನೆನಪಿರುವುದಿಲ್ಲ. ಬಾರದ ದಿನ ಎಲ್ಲರಿಗೂ ನೆನಪಿರುತ್ತದೆ. ಹೋದ ನವೆಂಬರಿನಿಂದ ನಾಳೆಯವರೆಗೆ ಕ್ಯಾಲೆಂಡರ್ ನೋಡಿ ಎಣಿಸಿದೆ. ಭಾನುವಾರ, ಹಬ್ಬ ಕಳೆದು ಕಾರ್ಖಾನೆ ನಡೆದದ್ದು ಮುನ್ನೂರು ದಿನ. ಅದರಲ್ಲಿ ಬಾರದ್ದನ್ನು ಕಳೆದರೆ ಹಾಜರಿ.

ಊಟದ ಹೊತ್ತಿನಲ್ಲಿ, ಚಹಾದ ಹೊತ್ತಿನಲ್ಲಿ, ಕೆಲಸ ಬಿಟ್ಟ ಮೇಲೆ, ಸಾಲಾಗಿ ಕಿಟಕಿಗೆ ಬಂದರು. ಯಾರೂ ಮಾವ ಅನ್ನಲಿಲ್ಲ. ಹೆಸರು ಹೇಳಿ, ಬಾರದ ದಿನ ಹೇಳಿದರು. ಚಿಕ್ಕಮುನಿಯಮ್ಮನಿಗೆ ಬಸಿರು ಇಳಿದು ಹನ್ನೊಂದು ದಿನ. ಚನ್ನಕ್ಕನ ಗಂಡ ಕುಡಿದು ಬಸ್ಸಿಗೆ ಸಿಕ್ಕಿ ಇಪ್ಪತ್ತು ದಿನ. ಅನುಸೂಯಮ್ಮನ ಅತ್ತೆಯ ತಿಥಿ, ಮಗನ ಕಾಲು ಮುರಿದದ್ದು, ತನಗೇ ಕಾಮಾಲೆ. ಒಬ್ಬಳು ಮರೆತರೆ ಪಕ್ಕದವಳು ನೆನಪಿಸುತ್ತಿದ್ದಳು. ಒಬ್ಬಳು ಎರಡು ದಿನ ನುಂಗಿದರೆ ನಾನು ನೆನಪಿಸುತ್ತಿದ್ದೆ. ಈ ಗೇಟಿನಲ್ಲಿ ಕೂತು ಯಾಕೆ ಬರಲಿಲ್ಲ ಅಂತ ಕೇಳಿ, ರೇಗಿಸಿ, ಕಳಿಸಿದವನು ನಾನೇ. ಆವಾಗ ಕಾರಣಗಳನ್ನೆಲ್ಲ ನೆಪ ಅಂದುಕೊಂಡಿದ್ದೆ.

ಎಲ್ಲರಿಗಿಂತ ಕೊನೆಯಲ್ಲಿ ಶೋಭಾ. ಮಗಳ ಉಬ್ಬಸಕ್ಕೆ ಅರವತ್ತು ದಿನ.

"ಆಮೇಲೆ ಈ ಮಂಗಳವಾರ, ಬುಧವಾರ" ಅಂದಳು.

ಅನುಸೂಯಮ್ಮ ಪಕ್ಕದಲ್ಲೇ ಇದ್ದಳು. "ಅದೆಲ್ಲಾ ಯಾಕ್ ಬರೀತೀಯಾ? ಆ ಎರಡು ದಿನ ಈವಯ್ಯನಿಂದ್ಲೇ ಹೋಗಿದ್ದು. ಬಂದಿದ್ಲು ಅಂತ ಹಾಕು. ನಮ್ ಪೈಕಿ ಯಾರ್ ಬಾಯ್ಬಿಡ್ತಾರೆ?"

ಬೇರೆಯವರೂ ಹಾಕು ಹಾಕು ಅಂದರು. ನಾನೂ ಅದೇ ಯೋಚನೆಯಲ್ಲಿದ್ದೆ. ಇನ್ನೂರ ನಲವತ್ತು ಅಂತ ಬರೆಯಲು ಎಷ್ಟು ಹೊತ್ತು? ನಲವತ್ತರ ನಾಲ್ಕು ಅರ್ಧ ಬರೆದೂ ಬಿಟ್ಟಿದ್ದೆ.

"ಮೇಸ್ತ್ರಿ ನೋಡವ್ನೆ ನಾನ್ ಬಂದಿಲ್ಲ ಅಂತ" ಅಂದಳು ಶೋಭಾ. "ನಂದೊಂದ್ ಸುಳ್ಳು ಸಿಕ್ಕಾಕಂಡ್ರೆ ಇವ್ರೆಲ್ಲಾರ್ದೂ ಸುಳ್ಳು ಅಂತಾರೆ. ಬಂದಿಲ್ಲ ನಾನು. ಬರಿ."

ನಾಲ್ಕನ್ನು ಹೊಡೆದುಹಾಕಿ ಪಕ್ಕದಲ್ಲಿ ಮೂವತ್ತೆಂಟು ಬರೆದೆ. ಇನ್ನೂರ ಮೂವತ್ತೆಂಟು. ಅವಳು ಸಹಿ ಹಾಕಿ ಹೋದಳು. ಎಲ್ಲರ ಕೆಳಗೆ ನಾನು ಬರೆದದ್ದು: ಹಾಜರಿ ದಾಖಲೆಯನ್ನು ಅಳಿಸಿದವನು ನಾನು, ಪುಸ್ತಕ ಹರಿದವನೂ ನಾನು, ಮೆಶೀನು ಕೆಟ್ಟಿರಲಿಲ್ಲ. ಚಿಕ್ಕಬೈರಪ್ಪ.

೩೦ ಅಕ್ಟೋಬರ್, ಶನಿವಾರ

ಮೇಡಂ ಹನ್ನೊಂದಕ್ಕೆ ಬಂದರು. ನಲವತ್ತರ ಆಸುಪಾಸು, ಮಾತು ಕಡಿಮೆ. ನಾನು ಬರೆದದ್ದನ್ನು ಓದಿ ವಿನಾಯಕ್ ಸಾರ್ ಮುಖ ಕೆಂಪಾಯಿತು.

"ಇದೆಂಥಾ ದಾಖಲೆ ಮೇಡಂ? ಗೇಟ್ ಹತ್ರ ಕೂತು ಹೆಂಗಸರು ಹೇಳಿದ್ದನ್ನ ಬರ್ಕೊಂಡಿದಾನೆ. ಕೋರ್ಟಲ್ಲಿ ನಿಲ್ಲುತ್ತಾ?"

ಮೇಡಂ ಪಟ್ಟಿಯ ಮೇಲೆ ಬೆರಳಿಟ್ಟು ಅಲ್ಲೊಂದು ಇಲ್ಲೊಂದು ಹೆಸರು ಕೇಳಿದರು. "ಚನ್ನಕ್ಕ ಯಾವ ತಿಂಗಳು ಬಂದಿಲ್ಲ?" ಮಾರ್ಚ್, ಗಂಡನಿಗೆ ಬಸ್ಸು ಬಡಿದದ್ದು, ಅಂದೆ. ಚನ್ನಕ್ಕನನ್ನು ಒಳಗೆ ಕರೆಸಿ ಕೇಳಿದರು. ಮಾರ್ಚ್ ಅಂದಳು. ಹೀಗೆ ಐದಾರು ಜನ. ಆಮೇಲೆ ಬೆರಳು ಒಂದು ಕಡೆ ನಿಂತಿತು.

"ಇನ್ನೂರ ಮೂವತ್ತೆಂಟು. ಹೊಡೆದು ಬರೆದಿದ್ದೀರಲ್ಲ. ಎರಡೇ ದಿನಕ್ಕೆ ಹೋಗ್ತಾ ಇದೆ. ಯಾರಿವಳು ಶೋಭಾರಾಣಿ?"

 ವಿನಾಯಕ್ ಸಾರ್ ನಕ್ಕರು. "ಅದೇ ಹೇಳ್ತಿರೋದು ಮೇಡಂ, ಇವ್ನ ಸ್ವಂತ ಅಕ್ಕನ ಮಗಳು. ಇವನ್ ಮನೇಲೇ ಇರೋದು. ಎಲ್ಲಾ ನೆಂಟ್ರಿಷ್ಟ್ರ ಲೆಕ್ಕ ಇದು."

ಮೇಡಂ ತಲೆ ಎತ್ತಿ ನನ್ನನ್ನೇ ನೋಡಿದರು. ಫ್ಯಾನ್ ತಿರುಗುತ್ತಿತ್ತು. ಪೆನ್ನಿನ ಮುಚ್ಚಳ ತೆಗೆದರು.

"ಮನೇಲಿರೋ ಮಗಳಿಗೆ ಎರಡು ದಿನ ಹಾಕಿಕೊಳ್ಳದೆ ಇರೋನು ಊರವರಿಗೆ ಯಾಕ್ರೀ ಸುಳ್ಳು ಹಾಕ್ತಾನೆ?" ಅಂದರು, ವಿನಾಯಕ್ ಸಾರ್ ಕಡೆ ನೋಡದೆ. ಪ್ರತಿ ಹಾಳೆಗೂ ಸಹಿ ಹಾಕಿದರು.

ಮೂವತ್ತೊಂದು ಜನಕ್ಕೆ ಆಯಿತು. ಏಳು ಜನಕ್ಕೆ ಇಲ್ಲ. ಆರು ಜನಕ್ಕೆ ಹೇಗೂ ಆಗುತ್ತಿರಲಿಲ್ಲ.

ಹೊರಗೆ ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡು ಕೂಗುತ್ತಿದ್ದರು. ಶೋಭಾ ತನ್ನ ಮೆಶೀನಿನ ಮುಂದೆ ಕೂತು ಅರ್ಧ ಸುತ್ತಿದ್ದ ಕಾಯಿಲನ್ನು ಮುಗಿಸುತ್ತಿದ್ದಳು. ಎಲ್ಲಿಂದ ಶುರು ಮಾಡಿ ಹೇಳಲಿ ಅಂತ ಹತ್ತಿರ ನಿಂತೆ.

"ಕೇಳಿಸ್ತು" ಅಂದಳು. ತಂತಿ ಕಡಿಯದ ಹಾಗೆ ಬೆರಳಲ್ಲಿ ಹಿಡಿದು ಕೊನೆಯ ಸುತ್ತು ಸುತ್ತಿದಳು.

೧೨ ನವೆಂಬರ್, ಶುಕ್ರವಾರ

ನನ್ನನ್ನು ಗೇಟಿನಿಂದ ತೆಗೆದು ಸ್ಕ್ರ್ಯಾಪ್ ಯಾರ್ಡಿಗೆ ಹಾಕಿದ್ದಾರೆ. ತಾಮ್ರದ ಚೂರು ಬೇರೆ, ಕಬ್ಬಿಣದ ಚೂರು ಬೇರೆ ಮಾಡುವುದು. ಟೈಂ ಆಫೀಸಿನಲ್ಲಿ ಮೇಸ್ತ್ರಿ ಕಡೆಯವನಿದ್ದಾನೆ. ಮೊನ್ನೆ ಯಾರ್ಡಿನವರೆಗೆ ಬಂದು, ವಿ ಐ ಒಳಗಿಂದ ಆಚೆಗೆ ಬರುವುದು ಹೇಗೆ ಅಂತ ಕೇಳಿದ. ಹೇಳಿಕೊಟ್ಟೆ. ಒಂದು ಬಾಣ, ಎರಡು ಬಾಣದ ವಿಷಯವನ್ನೂ ಹೇಳಿದೆ. ಅರ್ಧಕ್ಕೇ ಹೊರಟವನನ್ನು ತೋಳು ಹಿಡಿದು ನಿಲ್ಲಿಸಿ ಪೂರ್ತಿ ಕೇಳಿಸಿದೆ.

ಶೋಭಾ ಈ ಕಾರ್ಖಾನೆ ಬಿಟ್ಟಳು. ಮೂರನೇ ತಾರೀಕಿನಿಂದ ಲಗ್ಗೆರೆ ಕಡೆ ಗಾರ್ಮೆಂಟ್ಸಿಗೆ ಹೋಗುತ್ತಿದ್ದಾಳೆ. ಅಲ್ಲೂ ಮೇಸ್ತ್ರಿಯೇ, ಅಲ್ಲೂ ಚೀಟಿಯೇ. ಮಗುವಿಗೆ ನಿನ್ನೆ ಮತ್ತೆ ಉಬ್ಬಸ ಏರಿತ್ತು, ಇವತ್ತು ಭಾಗ್ಯಮ್ಮ ಮಡಿಲಲ್ಲಿ ಎತ್ತಿಕೊಂಡು ಕೂತಿದ್ದಳು, ಆದ್ದರಿಂದ ಇವಳಿಗೆ ಕೆಲಸಕ್ಕೆ ಹೋಗಲಾಯಿತು.

ಸಂಜೆ ಕೆಲಸದಿಂದ ಬಂದವಳು ಬಾಗಿಲ ಮೆಟ್ಟಿಲ ಮೇಲೆ ಕೂತು ಮಗಳ ಹಳೆ ಕಾಪಿ ಪುಸ್ತಕದಲ್ಲಿ ಏನೋ ಗೀಚುತ್ತಿದ್ದಳು. ಬಗ್ಗಿ ನೋಡಿದೆ. ಮೇಲೆ ತನ್ನ ಹೆಸರು, ಕಾರ್ಖಾನೆಯ ಹೆಸರು, ತಿಂಗಳು. ಕೆಳಗೆ ಒಂದೊಂದು ದಿನಕ್ಕೆ ಒಂದೊಂದು ಗೆರೆ, ಗೆರೆಯ ಪಕ್ಕ ಆ ದಿನ ಜೊತೆಗೆ ಕೂತು ಹೊಲಿದ ಹೆಂಗಸಿನ ಸಹಿ ಇಲ್ಲವೇ ಹೆಬ್ಬೆಟ್ಟು. ಭಾನುವಾರ, ದೀಪಾವಳಿ ಕಳೆದು ಏಳು ಗೆರೆ ಆಗಿದ್ದವು. ಒಂದೂ ನೆಟ್ಟಗಿರಲಿಲ್ಲ.

"ಕೊಡು, ಸ್ಕೇಲಿಟ್ಟು ನೇರವಾಗಿ ಹಾಕ್ಕೊಡ್ತೀನಿ" ಅಂದೆ.

ಪುಸ್ತಕವನ್ನು ಮಡಿಲಿಗೆ ಎಳೆದುಕೊಂಡಳು.

"ಬ್ಯಾಡ ಮಾವ. ಸೊಟ್ಟಗವೆ, ಇರ್ಲಿ. ನನ್ ಕೈಲಿ ಅವೆ."